ಫ್ಲಿಂಡರ್ಸ್ ದ್ವೀಪದ ಅರ್ಜಿ

ಆಳುವವರ ವಿರುದ್ಧ ಆಳಿಸಿಕೊಂಡವರು ಬರೆದ ದೂರುಗಳು ಸಾಮ್ರಾಜ್ಯಗಳ ಕಡತಗಳಲ್ಲಿ ಲೆಕ್ಕವಿಲ್ಲದಷ್ಟು ಬಿದ್ದಿವೆ. ಅವುಗಳಲ್ಲಿ ಬಹುಪಾಲು ಕರುಣೆಯನ್ನು ಯಾಚಿಸುವ ದೀನವಾಣಿಗಳು. ಆದರೆ 1846ನೆಯ ಇಸವಿಯ ಫೆಬ್ರವರಿ 17ರಂದು, ಆಸ್ಟ್ರೇಲಿಯಾ ಖಂಡಕ್ಕೂ ಇಂದು ನಾವು ಟಾಸ್ಮೇನಿಯಾ ಎಂದು ಕರೆಯುವ ದ್ವೀಪಕ್ಕೂ ನಡುವಣ ಬಾಸ್ ಜಲಸಂಧಿಯಲ್ಲಿರುವ ಫ್ಲಿಂಡರ್ಸ್ ಎಂಬ ನಡುಗಡ್ಡೆಯಿಂದ, ಎಂಟು ಮಂದಿ ಮೂಲನಿವಾಸಿಗಳು ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಗೆ ಬರೆದುಕೊಂಡ ಅರ್ಜಿಯು ಆ ಬಗೆಯದಲ್ಲ. ತಮ್ಮನ್ನು ನೋಡಿಕೊಳ್ಳುವುದಕ್ಕೆಂದು ಸರಕಾರ ನೇಮಿಸಿದ ಸೂಪರಿಂಟೆಂಡೆಂಟನು ಹೇಗೆ ನಡೆದುಕೊಂಡನೆಂಬುದನ್ನು ಅದು ಒಂದೊಂದಾಗಿ ಎಣಿಸಿ ಹೇಳುತ್ತದೆ. ಅದಕ್ಕೂ ಮುನ್ನ, ತಾವು ಯಾರು, ಯಾವ ಮಾತಿನ ಮೇಲೆ ಈ ದ್ವೀಪಕ್ಕೆ ಬಂದೆವು, ಆ ಮಾತನ್ನು ಯಾರು ಉಳಿಸಿಕೊಂಡರು, ಯಾರು ಉಳಿಸಿಕೊಳ್ಳಲಿಲ್ಲ ಎಂಬುದನ್ನು ಅದು ಸ್ಪಷ್ಟವಾದ ವಾಕ್ಯಗಳಲ್ಲಿ ನಿವೇದಿಸುತ್ತದೆ. ಒಬ್ಬ ಅಧಿಕಾರಿಯ ದುರ್ನಡತೆಯ ಮೇಲಣ ದೂರೆಂದು ಮಾತ್ರ ಓದಿದವರಿಗೆ ಈ ಪತ್ರದ ಅರ್ಧಭಾಗವಷ್ಟೇ ಕಾಣುತ್ತದೆ.

ಪೂರ್ವವೃತ್ತಾಂತವನ್ನು ತುಸು ಹೇಳಬೇಕು. ವ್ಯಾನ್ ಡೀಮನ್ಸ್ ಲ್ಯಾಂಡ್ ಎಂದು ಆಗ ಹೆಸರಾಗಿದ್ದ ಟಾಸ್ಮೇನಿಯಾದಲ್ಲಿ ಬ್ರಿಟಿಷರು 1803ರಲ್ಲಿ ಬೀಡುಬಿಟ್ಟರು. ಮೊದಲು ಕೈದಿಗಳು, ಅವರ ಬೆನ್ನಿಗೆ ಕುರಿಮಂದೆಗಳು, ಮಂದೆಗಳ ಬೆನ್ನಿಗೆ ಬೇಲಿಗಳು ಒಳನಾಡಿನ ಹುಲ್ಲುಗಾವಲುಗಳಿಗೆ ನುಗ್ಗಿದಂತೆ, ಆ ಹುಲ್ಲುಗಾವಲುಗಳಲ್ಲಿ ಬೇಟೆಯಾಡಿ ಬದುಕುತ್ತಿದ್ದ ಕುಲಗಳಿಗೂ ವಲಸೆಗಾರರಿಗೂ ಘೋರವಾದ ಕಾಳಗ ಹುಟ್ಟಿಕೊಂಡಿತು. 1828ರ ನವೆಂಬರಿನಲ್ಲಿ ಗವರ್ನರ್ ಜಾರ್ಜ್ ಆರ್ಥರನು ಸೈನಿಕ ಶಾಸನವನ್ನು ಘೋಷಿಸಿದನು. 1830ರಲ್ಲಿ ಸುಮಾರು 2200 ಜನರನ್ನು ಸಾಲುಗಟ್ಟಿ ನಿಲ್ಲಿಸಿ, ಮೂಲನಿವಾಸಿಗಳನ್ನು ಬೇಟೆಯ ಮೃಗಗಳಂತೆ ಒಂದು ಮೂಲೆಗೆ ತಳ್ಳಿಕೊಂಡು ಹೋಗಲು ಯತ್ನಿಸಿದನು. ಅಷ್ಟು ಜನ ಅಷ್ಟು ವಾರ ಕಾಡು ಸೋಸಿದರೂ ಸಿಕ್ಕವರು ಇಬ್ಬರು, ಸತ್ತವರು ಇಬ್ಬರು. ಬಂದೂಕಿನಿಂದ ಆಗದ ಕೆಲಸವನ್ನು ಮಾತಿನಿಂದ ಮಾಡಿ ಮುಗಿಸಿದವನು ಜಾರ್ಜ್ ಆಗಸ್ಟಸ್ ರಾಬಿನ್ಸನ್. ಕಟ್ಟಡದ ಕೆಲಸದಿಂದ ಜೀವನ ಮಾಡುತ್ತಿದ್ದ ಈ ಧರ್ಮಶ್ರದ್ಧಾಳುವು ಮೂಲನಿವಾಸಿಗಳನ್ನೇ ಜೊತೆಗಾರರನ್ನಾಗಿ ಮಾಡಿಕೊಂಡು, ವರ್ಷಗಟ್ಟಲೆ ಕಾಡುಮೇಡು ಅಲೆದು, ಒಂದೊಂದು ಕುಲವನ್ನೂ ಕಂಡು, ಹೋರಾಟ ನಿಲ್ಲಿಸಿದರೆ ಸರಕಾರವು ಅವರನ್ನು ರಕ್ಷಿಸುವುದೆಂದು ವಚನವಿತ್ತನು. 1831ರಲ್ಲಿ ಮನ್ನಲಾರ್ಗೆನ್ನ ಎಂಬ ಮುಖಂಡನೊಡನೆ ಮಾತಾಡುವಾಗ, ಅವರವರ ಸೀಮೆಯಲ್ಲೇ ಉಳಿಯಲು ಅವಕಾಶ ಉಂಟೆಂಬ ಆಶ್ವಾಸನವನ್ನೂ ಅವನು ಕೊಟ್ಟಿದ್ದನು. ಕಾಗದದ ಮೇಲೆ ಯಾರೂ ಏನನ್ನೂ ಬರೆದು ಕೈಗಿಡಲಿಲ್ಲ. ಕಡೆಗೆ ಉಳಿದವರೆಲ್ಲರನ್ನೂ ಹಡಗು ಹತ್ತಿಸಿ, ಒಂದೆರಡು ಕಿರುದ್ವೀಪಗಳಲ್ಲಿ ಇಳಿಸಿ ಎತ್ತಿ, 1833ರಲ್ಲಿ ಫ್ಲಿಂಡರ್ಸ್ ದ್ವೀಪದ ಪಶ್ಚಿಮತೀರದ ವೈಬಲೆನ್ನ ಎಂಬಲ್ಲಿ ನೆಲೆಗೊಳಿಸಿದರು. ಮನ್ನಲಾರ್ಗೆನ್ನನು 1835ರ ಡಿಸೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡನು.

ಆ ಸ್ಥಳದ ಸ್ವಭಾವವನ್ನು ಬಲ್ಲದೆ ಅಲ್ಲಿಂದ ಹೊರಟ ದೂರಿನ ಸಾಹಸವು ತಿಳಿಯುವಂತಿಲ್ಲ. ದಕ್ಷಿಣ ಅಕ್ಷಾಂಶದ 40ನೆಯ ಡಿಗ್ರಿ ರೇಖೆಯು ದ್ವೀಪದ ಮೇಲೆಯೇ ಹಾದುಹೋಗುತ್ತದೆ; ಭೂಮಂಡಲವನ್ನು ಅಡೆತಡೆಯಿಲ್ಲದೆ ಸುತ್ತಿ ಬರುವ ಪಡುವಣ ಬಿರುಗಾಳಿಯು ತೀರಕ್ಕೆ ಬಡಿಯುತ್ತಲೇ ಇರುತ್ತದೆ. ಸುತ್ತ ಬಂಡೆ, ಮರಳದಿಣ್ಣೆ, ಒರಟು ಸಮುದ್ರ. ಹೊರಜಗತ್ತಿಗೆ ಇದ್ದ ಸಂಬಂಧವೆಂದರೆ ಸರಕಾರದ ದೋಣಿಯೊಂದೇ. ದೋಣಿ ಯಾವಾಗ ಹೊರಡಬೇಕು, ಯಾರನ್ನು ಹತ್ತಿಸಿಕೊಳ್ಳಬೇಕು, ಟಪಾಲಿನ ಚೀಲದಲ್ಲಿ ಏನು ಹೋಗಬೇಕು ಎಂಬುದೆಲ್ಲ ಸೂಪರಿಂಟೆಂಡೆಂಟನ ವಶ. ಹಿಟ್ಟು, ಚಹಾ, ತಂಬಾಕು, ಬಟ್ಟೆಗಳ ಉಗ್ರಾಣ ಅವನದು. ಸೆರೆಮನೆಯ ಬೀಗ ಅವನದು. ಅವನೇ ಮ್ಯಾಜಿಸ್ಟ್ರೇಟನೂ ಆಗಿದ್ದುದರಿಂದ ಅಪರಾಧವಾಯಿತೇ ಇಲ್ಲವೇ ಎಂಬ ತೀರ್ಮಾನವೂ ಅವನದೇ. ವೈಬಲೆನ್ನಕ್ಕೆ ಬಂದ ಅಧಿಕಾರಿಗಳಲ್ಲಿ ಕೆಲವರು ಸೌಮ್ಯರು, ಕೆಲವರು ಅಲಸರು, ಕೆಲವರು ನಿಷ್ಠುರರು. ಆದರೆ ಯಾವನು ಬಂದರೂ ಇಷ್ಟು ಅಧಿಕಾರ ಒಬ್ಬನ ಕೈಯಲ್ಲಿ ಸೇರಿದ್ದಾಗ, ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲವು ಯಾರಿಗೆ ಮೊರೆಯಿಡಬೇಕೆಂಬುದನ್ನು ಆ ವ್ಯವಸ್ಥೆಯನ್ನು ನಿರ್ಮಿಸಿದವರು ಯೋಚಿಸಿರಲಿಲ್ಲ. ಸಾವು ಮಾತ್ರ ಯಾರ ಅಪ್ಪಣೆಗೂ ಕಾಯದೆ ಬರುತ್ತಿತ್ತು. ಎದೆಗೂಡಿನ ರೋಗಗಳು ಗುಡಿಸಲಿನಿಂದ ಗುಡಿಸಲಿಗೆ ಹಬ್ಬಿದವು. ಆ ನೆಲೆಯ ಶ್ಮಶಾನದಲ್ಲಿ ನೂರಕ್ಕೂ ಮಿಕ್ಕಿದ ಜನ ಮಣ್ಣಾಗಿದ್ದಾರೆ.

ಈ ಜನರ ನಡುವೆ ವಾಲ್ಟರ್ ಜಾರ್ಜ್ ಆರ್ಥರ್ ಎಂಬ ಯುವಕನಿದ್ದನು. ಬೆನ್ ಲೋಮಂಡ್ ಕುಲದ ಮುಖಂಡನ ಮಗ. ಬಾಲ್ಯದಲ್ಲಿಯೇ ತನ್ನವರಿಂದ ಅಗಲಿ ಲಾನ್ಸೆಸ್ಟನ್ ಪಟ್ಟಣದ ಬೀದಿಗಳಲ್ಲಿ ಅಲೆದು, ಹೋಬರ್ಟಿನ ಅನಾಥಾಲಯದ ಶಾಲೆಯಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಕಲಿತು, ಆಮೇಲೆ ದ್ವೀಪಕ್ಕೆ ಬಂದವನು. 1836ರಿಂದ 1837ರವರೆಗೆ ವೈಬಲೆನ್ನದಲ್ಲಿ ‘ಫ್ಲಿಂಡರ್ಸ್ ಐಲೆಂಡ್ ಕ್ರಾನಿಕಲ್’ ಎಂಬ ಕೈಬರೆಹದ ಪತ್ರಿಕೆಯೊಂದು ಹೊರಡುತ್ತಿತ್ತು. ಅದನ್ನು ಬರೆದು ಪ್ರತಿಮಾಡುತ್ತಿದ್ದವರು ಹದಿಹರೆಯದ ಈ ವಾಲ್ಟರನೂ ಥಾಮಸ್ ಬ್ರೂನ್ ಎಂಬ ಇನ್ನೊಬ್ಬ ಹುಡುಗನೂ. ಆಗ ಸೂಪರಿಂಟೆಂಡೆಂಟನಾಗಿದ್ದ ರಾಬಿನ್ಸನನು ತನ್ನ ಆಡಳಿತದ ಸಾಫಲ್ಯವನ್ನು ತೋರಿಸುವ ಉದ್ದೇಶದಿಂದಲೇ ಅದನ್ನು ಹೊರಡಿಸಿದ್ದನೆಂಬುದು ನಿಜ. ಆದರೆ ಅಕ್ಷರವನ್ನು ಕಲಿಸಿದವನು ಅದರಿಂದ ಮುಂದೆ ಏನನ್ನು ಬರೆಯಬೇಕೆಂದು ವಿಧಿಸಲಾರನು. 1839ರಲ್ಲಿ ರಾಬಿನ್ಸನನೊಡನೆ ಪೋರ್ಟ್ ಫಿಲಿಪ್ ಪ್ರಾಂತ, ಎಂದರೆ ಇಂದಿನ ಮೆಲ್ಬರ್ನಿನ ಸೀಮೆಗೆ ಹೋಗಿ, ಕೂಲಿ ಮಾಡುವ ಬಿಳಿಯರು ಹೇಗೆ ಬಾಳುತ್ತಾರೆಂಬುದನ್ನು ಕಣ್ಣಾರೆ ಕಂಡು, 1842ರಲ್ಲಿ ವಾಲ್ಟರನು ಹೆಂಡತಿ ಮೇರಿ ಆನ್ ಸಮೇತ ದ್ವೀಪಕ್ಕೆ ಮರಳಿದನು.

ಅದೇ 1842ರಲ್ಲಿ ಹೆನ್ರಿ ಜೀನರೆಟ್ ಎಂಬ ವೈದ್ಯನು ಸೂಪರಿಂಟೆಂಡೆಂಟನಾಗಿ ಬಂದನು. ತನ್ನ ಅಧಿಕಾರವನ್ನು ಕೂದಲೆಳೆಯಷ್ಟೂ ಬಿಟ್ಟುಕೊಡದ ಸ್ವಭಾವ. ದ್ವೀಪದ ಸೈನಿಕ ತುಕಡಿಯೊಡನೆ ಕಲಹ, ಇತರ ನೌಕರರೊಡನೆ ಕಲಹ, ಮೂಲನಿವಾಸಿಗಳೊಡನೆ ಕಲಹ. ಕೆಲಕಾಲದಲ್ಲಿಯೇ ಹೋಬರ್ಟಿನ ಸರಕಾರ ಬೇಸತ್ತು ಅವನನ್ನು ಕೆಲಸದಿಂದ ತೆಗೆಯಿತು. ಜೋಸೆಫ್ ಮಿಲ್ಲಿಗನ್ ಎಂಬ ಇನ್ನೊಬ್ಬ ವೈದ್ಯನು ಆ ಸ್ಥಾನಕ್ಕೆ ಬಂದನು. ಜೀನರೆಟನು ಸುಮ್ಮನಿರಲಿಲ್ಲ. ವಸಾಹತಿನ ಯಾವ ಅಧಿಕಾರಿಯೇ ಆಗಲಿ, ತನಗೆ ಅನ್ಯಾಯವಾಯಿತೆಂದು ಲಂಡನ್ನಿನ ವಸಾಹತು ಮಂತ್ರಿಗೆ ಮೇಲ್ಮನವಿ ಸಲ್ಲಿಸಬಹುದಾಗಿತ್ತು. ಕಾಗದವು ಹಡಗಿನಲ್ಲಿ ತಿಂಗಳುಗಟ್ಟಲೆ ಪಯಣಿಸಿ ಅಲ್ಲಿ ತಲುಪಬೇಕು. ಅಲ್ಲಿಂದ ವಿವರಣೆ ಕೇಳಿ ಪತ್ರ ಬರಬೇಕು. ವಿವರಣೆ ಮತ್ತೆ ಸಮುದ್ರ ದಾಟಬೇಕು. ಈ ವಿಳಂಬವನ್ನೆಲ್ಲ ಸಹಿಸಿ ಜೀನರೆಟನು ತನ್ನ ಪಕ್ಷವನ್ನು ಗೆಲ್ಲಿಸಿಕೊಂಡನು: ಅವನನ್ನು ಮರಳಿ ಅದೇ ಕೆಲಸಕ್ಕೆ ನೇಮಿಸಬೇಕೆಂದು ಲಂಡನ್ನಿನಿಂದ ಆಜ್ಞೆ ಬಂತು. ಒಬ್ಬ ನೌಕರನಿಗೆ ಸಲ್ಲಬೇಕಾದ ನ್ಯಾಯವನ್ನು ಕುರಿತು ಸಮುದ್ರದ ಎರಡು ಕಡೆಯಲ್ಲಿಯೂ ಧಾರಾಳವಾಗಿ ಚರ್ಚೆ ನಡೆಯಿತು. ಅವನ ಕೈಕೆಳಗೆ ಬಾಳಬೇಕಾದವರನ್ನು ಕರೆದು ನಿಮಗೆ ಇದು ಸಮ್ಮತವೇ ಎಂದು ಯಾರೂ ಕೇಳಲಿಲ್ಲ. ಈ ಕಥೆಯಲ್ಲಿ ನನಗೆ ಅತ್ಯಂತ ಅಸಹನೀಯವೆನಿಸುವ ಸಂಗತಿ ಇದು.

ಜೀನರೆಟ್ ಮತ್ತೆ ಬರುತ್ತಾನೆಂಬ ಸುದ್ದಿ ದ್ವೀಪಕ್ಕೆ ಮುಟ್ಟಿತು. ಆಗಿನ್ನೂ ಮಿಲ್ಲಿಗನ್ನನೇ ಅಧಿಕಾರದಲ್ಲಿದ್ದನು. ಟಪಾಲಿನ ಚೀಲ ಶತ್ರುವಿನ ಕೈಗೆ ಹೋಗುವುದಕ್ಕೆ ಮುನ್ನ ಬರೆಯಬೇಕಾದುದನ್ನು ಬರೆದು ಮುಗಿಸಬೇಕು. ಆ ಅವಕಾಶದ ಅವಧಿ ಕೆಲವೇ ವಾರ. ವಾಲ್ಟರನೂ ಅವನ ಸಂಗಡಿಗರೂ ಈ ಸಂದರ್ಭವನ್ನು ಅರಿತು ನಡೆದರು. ಬರೆಹದ ಕೆಲಸದಲ್ಲಿ ರಾಬರ್ಟ್ ಕ್ಲಾರ್ಕ್ ಎಂಬ ಧರ್ಮೋಪದೇಶಕನ ನೆರವಿತ್ತು. ಅರ್ಜಿಯ ಕೆಳಗೆ ವಾಲ್ಟರ್ ಆರ್ಥರ್, ಕಿಂಗ್ ಅಲೆಗ್ಸಾಂಡರ್, ಜಾನ್ ಆಲನ್, ಆಗಸ್ಟಸ್, ಡೇವಿ ಬ್ರೂನಿ, ಕಿಂಗ್ ಟಿಪ್ಪೂ, ನೆಪ್ಚೂನ್, ವಾಷಿಂಗ್ಟನ್ ಎಂಬ ಎಂಟು ಹೆಸರುಗಳಿವೆ. ಇವರ ಹುಟ್ಟುಹೆಸರುಗಳನ್ನು ತೆಗೆದುಹಾಕಿ, ತನಗೆ ತೋಚಿದ ಅರಸರ ಮತ್ತು ದೇವತೆಗಳ ಹೆಸರುಗಳನ್ನು ಹಂಚಿದವನು ರಾಬಿನ್ಸನ್. ಮೈಸೂರು ಸೀಮೆಯ ಓದುಗನ ಕಣ್ಣು ಆರನೆಯ ಹೆಸರಿನ ಮೇಲೆ ಕ್ಷಣಕಾಲ ನಿಲ್ಲದಿರದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲೆಂಡಿನ ಜನರ ಬಾಯಲ್ಲಿ ಸುಳಿದಾಡುತ್ತಿದ್ದ ಹೆಸರು ಬಹುಶಃ ಹೀಗೆ, ಕಾವೇರಿಯನ್ನು ಕಂಡು ಕೇಳಿ ಅರಿಯದ ಒಬ್ಬನ ಪಾಲಿಗೆ ಬಂದಿತು.

ಅರ್ಜಿಯ ಮೊದಲ ಭಾಗವು ದೂರಲ್ಲ, ವಾದ. ತಾವು ರಾಣಿಯ ಸ್ವತಂತ್ರ ಪ್ರಜೆಗಳು, ಸೆರೆಸಿಕ್ಕಿ ಬಂದವರಲ್ಲ, ತಮ್ಮನ್ನು ತಾವು ರಕ್ಷಿಸಿಕೊಳ್ಳಲು ಹೋರಾಡಿದ ಮೇಲೆ, ಆಗ ಗವರ್ನರನಾಗಿದ್ದ ಕರ್ನಲ್ ಆರ್ಥರನಿಗೆ ತಮ್ಮ ನೆಲವನ್ನು ತಾವಾಗಿ ಒಪ್ಪಿಸಿಕೊಟ್ಟವರು, ರಾಬಿನ್ಸನನು ತಮಗೂ ಆರ್ಥರನಿಗೂ ನಡುವೆ ಮಾಡಿಸಿದ ಒಪ್ಪಂದವೊಂದಿದೆ, ಅದು ತಮ್ಮ ಮನಸ್ಸಿನಿಂದ ಅಳಿದಿಲ್ಲ, ಅದರಲ್ಲಿ ತಮ್ಮ ಪಾಲಿನ ಮಾತನ್ನು ತಾವು ನಡೆಸಿಕೊಟ್ಟಿದ್ದೇವೆ, ಸ್ವಸ್ಥಳವನ್ನು ಬಿಟ್ಟು ಹೊರಟಾಗ ಬಹಳ ಜನರಿದ್ದೆವು, ಈಗ ಅತ್ಯಲ್ಪ ಜನ ಉಳಿದಿದ್ದೇವೆ ಎಂಬುದು ಅದರ ಸಾರ. ಒಪ್ಪಂದದ ಒಂದು ಪಕ್ಷವಾಗಿ ನಿಂತು ಮತ್ತೊಂದು ಪಕ್ಷವನ್ನು ಪ್ರಶ್ನಿಸುವ ಧ್ವನಿ ಇದು. ಅರ್ಜಿ ಬರೆದ ಹೊತ್ತಿನಲ್ಲಿ ಅದರಲ್ಲಿ ಹೆಸರಿಸಲ್ಪಟ್ಟ ಜಾರ್ಜ್ ಆರ್ಥರನು ಎಲ್ಲಿದ್ದನೆಂಬುದು ನಮಗೆ ಅಪ್ರಸ್ತುತವಲ್ಲ: 1842ರಿಂದ 1846ರವರೆಗೆ ಅವನು ಮುಂಬಯಿ ಪ್ರಾಂತದ ಗವರ್ನರ್. ಧಾರವಾಡ, ಬೆಳಗಾವಿಗಳ ನಮ್ಮ ಹಿರಿಯರು ಅವನ ಆಡಳಿತದಲ್ಲಿಯೇ ಇದ್ದರು.

ಇನ್ನು ಸೂಪರಿಂಟೆಂಡೆಂಟನ ಮೇಲಣ ಆರೋಪಗಳು. ಅವನು ಕಿಸೆಯಲ್ಲಿ ಪಿಸ್ತೂಲುಗಳನ್ನಿಟ್ಟುಕೊಂಡು ತಿರುಗುತ್ತಿದ್ದನು, ಸುಟ್ಟುಬಿಡುತ್ತೇನೆಂದು ಎಷ್ಟೋ ಸಲ ಬೆದರಿಸಿ ಜನ ಹೆದರಿ ಓಡುವಂತೆ ಮಾಡುತ್ತಿದ್ದನು. ಹಳ್ಳಿಯಲ್ಲಿ ಅವನು ಸಾಕಿದ್ದ ಹಂದಿಗಳು ಮನೆಯೊಳಕ್ಕೆ ನುಗ್ಗಿ ಒಲೆಯ ಮೇಲಿನ ರೊಟ್ಟಿಯನ್ನು ತಿಂದುಹಾಕುತ್ತಿದ್ದವು, ಹಿಟ್ಟಿನ ಚೀಲಗಳನ್ನು ಬಾಯಲ್ಲಿ ಕಚ್ಚಿಕೊಂಡು ಹೋಗುತ್ತಿದ್ದವು, ತೋಟಕ್ಕೆ ಬಿದ್ದು ಆಲೂಗಡ್ಡೆಯನ್ನೂ ಕೋಸನ್ನೂ ಹಾಳುಮಾಡುತ್ತಿದ್ದವು. ಮನೆಗಳು ಬಿದ್ದುಹೋಗುತ್ತಿದ್ದರೂ ರಿಪೇರಿಯಿಲ್ಲ, ಗೋಡೆಗೆ ಸುಣ್ಣವಿಲ್ಲ, ಎಲ್ಲೆಲ್ಲಿಯೂ ಹುಳುಹುಪ್ಪಟೆ. ಮೈಮೇಲೆ ಸಾಕಷ್ಟು ಬಟ್ಟೆಯಿಲ್ಲ. ಸ್ವತಃ ವೈದ್ಯನಾದವನು ರೋಗಿಗಳ ಸ್ಥಿತಿ ವಿಷಮಿಸುವವರೆಗೂ ತಿರುಗಿ ನೋಡುತ್ತಿರಲಿಲ್ಲ. ಅವನಿದ್ದ ಕಾಲದಲ್ಲಿ ಹನ್ನೊಂದು ಮಂದಿ ಸತ್ತರು. ಅವನಿಗೆ ಗುಲಾಮರಾಗಲು ಒಪ್ಪದೆ ಎದುರು ಮಾತಾಡಿದುದಕ್ಕಾಗಿ ಅನೇಕರನ್ನು ಸೆರೆಗೆ ಹಾಕಿದನು. ಮನಸ್ಸು ಬಂದಾಗ ಪಡಿಯನ್ನು ತಡೆಹಿಡಿಯುತ್ತಿದ್ದನು, ಕೆಲವು ವೇಳೆ ಕೆಟ್ಟುಹೋದ ಚಹಾ ತಂಬಾಕುಗಳನ್ನು ಕೊಡುತ್ತಿದ್ದನು. ತಾನು ಸೈನಿಕರೊಡನೆ ಜಗಳಕ್ಕೆ ನಿಂತಾಗ, ಒಲ್ಲೆವೆಂದವರ ಕೈಗೂ ಆಯುಧ ಕೊಟ್ಟು ಮುಂದಕ್ಕೆ ನೂಕಿದನು.

ಎಲ್ಲಕ್ಕಿಂತ ಮನಸ್ಸನ್ನು ಕಲಕುವುದು ನಾಯಿಗಳ ಸಂಗತಿ. ವೈಬಲೆನ್ನದ ಜನರಿಗೆ ನಾಯಿಯೆಂದರೆ ಬೇಟೆಯ ಜೊತೆಗಾರ, ರಾತ್ರಿಯ ಬೆಚ್ಚನೆಯ ಸಂಗಾತಿ. ತವರುನೆಲದ ಬಾಳುವೆಯಲ್ಲಿ ಇನ್ನೂ ಅವರ ಬಳಿ ಉಳಿದಿದ್ದ ಕೆಲವೇ ಸುಖಗಳಲ್ಲಿ ಒಂದು. ಜೀನರೆಟನು ಕೆಲವು ನಾಯಿಗಳನ್ನು ಅವರ ಕಣ್ಣೆದುರಿಗೇ ಗುಂಡಿಕ್ಕಿ ಕೊಂದು, ಉಳಿದವನ್ನೆಲ್ಲ ಬೇರೊಂದು ದ್ವೀಪಕ್ಕೆ ಸಾಗಿಸಿದನಂತೆ. ಅಲ್ಲಿ ಅವು ಹಸಿದು ಸಾಯುತ್ತವಲ್ಲ ಎಂದು ಇವರು ಹೇಳಿದಾಗ, ಒಂದನ್ನೊಂದು ತಿನ್ನಲಿ ಎಂಬ ಉತ್ತರ ಬಂತಂತೆ. ಈ ಆರೋಪವನ್ನು ಕ್ಲಾರ್ಕನು ಕಲ್ಪಿಸಿ ಸೇರಿಸಿರಬೇಕೆಂದು ಯಾರಾದರೂ ಹೇಳಿದರೆ ನಾನು ನಂಬಲಾರೆ. ಒಬ್ಬ ಉಪದೇಶಕನು ತಾನೇ ದೂರು ಹೆಣೆಯ ಹೊರಟಿದ್ದರೆ ಪ್ರಾರ್ಥನೆ, ಪಾಠಶಾಲೆಗಳ ಮಾತನ್ನು ಮೊದಲಿಗೆ ತರುತ್ತಿದ್ದನು. ಅವು ಅರ್ಜಿಯಲ್ಲಿ ಇಲ್ಲದಿಲ್ಲ. ಆದರೆ ಬಹಳ ಹಿಂದೆ, ಹಂದಿ ಹಿಟ್ಟು ನಾಯಿಗಳ ಮಾತೆಲ್ಲ ಮುಗಿದ ಮೇಲೆ ಬರುತ್ತವೆ. ತೋಟದ ಕೋಸು ಹಾಳಾದುದನ್ನು ರಾಣಿಗೆ ತಿಳಿಸಬೇಕೆಂದು ತೋರುವುದು ಆ ಕೋಸನ್ನು ನೆಟ್ಟವನಿಗೆ.

ಅರ್ಜಿ ಹೋಯಿತು, ಮಾರ್ಚಿನಲ್ಲಿ ಜೀನರೆಟನು ಬಂದನು. ತನ್ನ ವಿರುದ್ಧ ಏನು ಬರೆದಿದ್ದಾರೆಂಬುದು ಅವನಿಗೆ ತಿಳಿಯಲು ಬಹಳ ಕಾಲ ಹಿಡಿಯಲಿಲ್ಲ. ವಾಲ್ಟರನನ್ನು ಎರಡು ವಾರಕ್ಕೂ ಮೇಲ್ಪಟ್ಟು ಸೆರೆಯಲ್ಲಿಟ್ಟನು. ಅವನ ಬೆದರಿಕೆಗಳ ವರ್ತಮಾನವನ್ನು ಹೋಬರ್ಟಿಗೆ ಮುಟ್ಟಿಸಿದವಳು ಮೇರಿ ಆನ್. ಅದೇ ವರ್ಷದ ಜೂನಿನಲ್ಲಿ ಆಕೆ ವಸಾಹತು ಕಾರ್ಯದರ್ಶಿಗೆ ಬರೆದ ಪತ್ರವನ್ನು ಈ ಕಡತದ ಅತ್ಯಂತ ಧೀರವಾದ ಹಾಳೆಯೆಂದು ನಾನು ಗಣಿಸುತ್ತೇನೆ. ದೂರೇನಾದರೂ ಇದ್ದರೆ ತನಗೆ ಬರೆಯಬಹುದೆಂದು ಗವರ್ನರನು ತಮ್ಮ ಜನರಿಗೆ ತಿಳಿಸಿದ್ದುದಕ್ಕೆ ಆಕೆ ಮೊದಲು ಕೃತಜ್ಞತೆಯನ್ನರ್ಪಿಸುತ್ತಾಳೆ. ಅನಂತರ, ತನ್ನನ್ನೂ ಗಂಡನನ್ನೂ ಮಹಾದುಷ್ಟರೆಂದು ತೋರಿಸಲು ಡಾಕ್ಟರನು ಯತ್ನಿಸುತ್ತಿದ್ದಾನೆಂದೂ, ರಾಣಿಗೆ ಅರ್ಜಿ ಬರೆಯಲು ನೆರವಾದುದಕ್ಕಾಗಿ ಸೆರೆಗೆ ಹಾಕುವ ಮಾತನ್ನಾಡುತ್ತಾನೆಂದೂ, ಗಲ್ಲಿಗೇರಿಸುವೆನೆಂದು ಹೆದರಿಸುತ್ತಾನೆಂದೂ ತಿಳಿಸುತ್ತಾಳೆ. ತಾವು ಅವನ ಗುಲಾಮರಾಗಿರಲು ಒಲ್ಲೆವೆಂದು ನೇರವಾಗಿ ನುಡಿಯುತ್ತಾಳೆ. ಯಾರ ಮೇಲೆ ದೂರೋ ಅವನೇ ನ್ಯಾಯಾಧೀಶನೂ ಸೆರೆಯ ಕಾವಲುಗಾರನೂ ಆಗಿರುವ ದ್ವೀಪದಲ್ಲಿ ಕುಳಿತು ಒಬ್ಬ ಹೆಣ್ಣುಮಗಳು ಇದನ್ನು ಬರೆದಳು. ಜುಲೈನಲ್ಲಿ ವಾಲ್ಟರನೂ ತನ್ನ ಸೆರೆವಾಸದ ಮೇಲೆ ದೂರು ಕಳುಹಿದನು.

ಈ ನಡುವೆ ಹೋಬರ್ಟಿನ ಗವರ್ನರನ ಮನೆಯಲ್ಲಿಯೇ ದೂರುಗಳ ಬಿರುಗಾಳಿಯೆದ್ದಿತ್ತು. ಗವರ್ನರ್ ಸರ್ ಜಾನ್ ಈರ್ಡ್ಲಿ-ವಿಲ್ಮಟನ ಖಾಸಗಿ ನಡತೆಯನ್ನು ಕುರಿತು ಯಾರು ಹೇಳಿದರೆಂಬುದೇ ಗೊತ್ತಿಲ್ಲದ ಚಾಡಿಮಾತುಗಳು ಲಂಡನ್ನಿಗೆ ಮುಟ್ಟಿ, ಆಗ ವಸಾಹತು ಮಂತ್ರಿಯಾಗಿದ್ದ ಗ್ಲಾಡ್‌ಸ್ಟನ್ನನು ಅವನನ್ನು ಪದವಿಯಿಂದ ತೆಗೆದನು. ಮುದುಕನು ಮನನೊಂದು, 1847ರ ಫೆಬ್ರವರಿಯಲ್ಲಿ ಹೋಬರ್ಟಿನಲ್ಲಿಯೇ ತೀರಿಕೊಂಡನು. ಗವರ್ನರನ ಮೇಲಣ ಅಪವಾದಕ್ಕೆ ಸಾಕ್ಷಿ ಬೇಕಾಗಲಿಲ್ಲ, ವಿಚಾರಣೆ ನಡೆಯಲಿಲ್ಲ. ವೈಬಲೆನ್ನದ ಅರ್ಜಿದಾರರಾದರೋ ಸಾಕ್ಷ್ಯಕ್ಕಾಗಿ ಕಟಕಟೆ ಏರಬೇಕಾಯಿತು. 1846ರ ಅಕ್ಟೋಬರಿನಲ್ಲಿ ಲೆಫ್ಟಿನೆಂಟ್ ಮ್ಯಾಥ್ಯೂ ಫ್ರೆಂಡ್ ಎಂಬ ಬಂದರು ಅಧಿಕಾರಿಯು ವಿಚಾರಣೆಗಾಗಿ ದ್ವೀಪಕ್ಕೆ ಬಂದನು.

ಆಪಾದನೆಗಳು ಸತ್ಯವೇ ಎಂಬುದು ವಿಚಾರಣೆಯ ಮುಖ್ಯ ಪ್ರಶ್ನೆಯಾಗಬೇಕಾಗಿತ್ತೆಂದು ನಾವು ಭಾವಿಸುತ್ತೇವೆ. ಅದರ ಬದಲು, ಈ ಅರ್ಜಿಯನ್ನು ನಿಜವಾಗಿ ಬರೆದವರು ಯಾರು, ಇವರಿಗೆ ಅದರ ಅರ್ಥ ಗೊತ್ತಿತ್ತೇ, ಹಿಂದೆ ನಿಂತು ಪ್ರೇರಿಸಿದವರು ಯಾರು ಎಂಬ ಪ್ರಶ್ನೆಗಳು ಅಲ್ಲಿ ಪ್ರಧಾನವಾದವು. ಕ್ಲಾರ್ಕನೂ ಮಿಲ್ಲಿಗನ್ನನೂ ಸೇರಿ ತನ್ನ ಮೇಲೆ ಇವರನ್ನು ಎತ್ತಿಕಟ್ಟಿದರೆಂಬುದು ಜೀನರೆಟನ ವಾದ. ದುರ್ಬಲರ ದೂರನ್ನು ಕೈಗೆತ್ತಿಕೊಂಡ ಅಧಿಕಾರವರ್ಗವು ಯಾವ ಕಾಲದಲ್ಲಿಯೂ ಯಾವ ದೇಶದಲ್ಲಿಯೂ ಮೊದಲು ಹಿಡಿಯುವ ದಾರಿ ಇದೇ: ಪತ್ರದೊಳಗಿನ ಸಂಗತಿಯನ್ನು ಬಿಟ್ಟು ಪತ್ರ ಬರೆದ ಕೈಯನ್ನು ಹುಡುಕುವುದು. ಕ್ಲಾರ್ಕನ ಬರೆಹದ ನೆರವು ಇದ್ದಿತೆಂಬುದನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ನಮ್ಮ ತಾಲೂಕು ಕಚೇರಿಗಳ ಮುಂದೆ ಅರ್ಜಿ ಬರೆದುಕೊಡುವವನ ಬಳಿ ಕುಳಿತು ತನ್ನ ಸಂಕಟವನ್ನು ಹೇಳಿ ಬರೆಸುವ ರೈತನ ದೂರು, ಅಕ್ಷರ ಬೇರೆಯವರದೆಂಬ ಕಾರಣದಿಂದ, ಅವನದಲ್ಲವೆಂದಾಗುವುದುಂಟೇ? ಅದರಲ್ಲಿಯೂ ವಾಲ್ಟರನಿಗೆ ಆ ನೆರವಿನ ಅಗತ್ಯ ಎಷ್ಟರಮಟ್ಟಿಗಿತ್ತೆಂಬುದನ್ನು ಅವನು ಹತ್ತು ವರ್ಷಗಳ ಹಿಂದೆಯೇ ಕೈಯಾರೆ ಬರೆದ ಪತ್ರಿಕೆಯ ಹಾಳೆಗಳು ತೋರಿಸುತ್ತವೆ.

ಆದರೂ ಕ್ಲಾರ್ಕನನ್ನು ಕುರಿತು ಒಂದು ಕಹಿಯಾದ ಮಾತನ್ನು ಹೇಳದೆ ಮುಂದುವರಿಯುವುದು ಸತ್ಯಕ್ಕೆ ಮಾಡುವ ಅಪಚಾರ. ರಾಣಿಗೆ ದೂರು ಬರೆಯಲು ನೆರವಾದ ಇವನ ಮನೆಯಲ್ಲಿಯೇ ಮೂಲನಿವಾಸಿಗಳ ಮಕ್ಕಳು ತಾಯ್ತಂದೆಯರಿಂದ ದೂರವಾಗಿ ಬೆಳೆಯುತ್ತಿದ್ದರು. ಅವರಲ್ಲಿ ಮೇರಿ ಆನಳ ತಾಯಿಗೆ ಹುಟ್ಟಿದ ಇನ್ನೊಬ್ಬ ಮಗಳಾದ ಫ್ಯಾನಿ ಕಾಕ್ರೇನ್ ಎಂಬ ಹುಡುಗಿಯೂ ಇದ್ದಳು. ಆ ಮನೆಯ ಬಾಳು ಕೊಳಕು, ಅಲಕ್ಷ್ಯ, ಕ್ರೌರ್ಯಗಳಿಂದ ಕೂಡಿತ್ತೆಂಬುದು ದಾಖಲೆಯಾಗಿ ಉಳಿದಿದೆ. ಹೀಗೆ ಹಿರಿಯರ ಪಾಲಿಗೆ ಆಸರೆಯಾದ ಕೈಯೇ ಮಕ್ಕಳ ಪಾಲಿಗೆ ದಂಡವಾಗಿತ್ತು. ದೂರಿನ ದಾರಿಯು ಅಧಿಕಾರಿಗಳ ಪರಸ್ಪರ ವೈರದ ಸಂದಿನಲ್ಲಿ ಮಾತ್ರ ತೆರೆಯುತ್ತಿದ್ದುದರಿಂದ, ಯಾವ ಅಧಿಕಾರಿಗೂ ಬೇಡವಾದ ದೂರು ಹೊರಬೀಳುವಂತೆಯೇ ಇರಲಿಲ್ಲ. ಒಂಬತ್ತು ಹತ್ತು ವರ್ಷದ ಬಾಲಕಿಯ ಅರ್ಜಿಯನ್ನು ಬರೆದುಕೊಡುವವರು ಯಾರೂ ಇರಲಿಲ್ಲ.

ವಿಚಾರಣೆಯ ಕಾಗದಗಳು ಹೋಬರ್ಟಿಗೂ ಅಲ್ಲಿಂದ ಲಂಡನ್ನಿಗೂ ಹೋದವು. ಅರ್ಜಿಯು ವಸಾಹತು ಮಂತ್ರಿ ಅರ್ಲ್ ಗ್ರೇಯ ಮೂಲಕ ರಾಣಿಯ ಸನ್ನಿಧಿಯನ್ನು 1847ರಲ್ಲಿ ಮುಟ್ಟಿತು. ಅದೇ ವರ್ಷ ಜೀನರೆಟನು ಎರಡನೆಯ ಬಾರಿ ಅಧಿಕಾರ ಕಳೆದುಕೊಂಡನು. ಮಿಲ್ಲಿಗನ್ನನು ಮರಳಿ ಬಂದನು. ಸಮುದ್ರದ ನಡುವೆ ಬಂದಿಯಾಗಿದ್ದ ಒಂದು ಸಣ್ಣ ಜನಸಮುದಾಯವು ಅಕ್ಷರದ ಬಲದಿಂದ ಒಬ್ಬ ಸೂಪರಿಂಟೆಂಡೆಂಟನನ್ನು ಸ್ಥಾನದಿಂದಿಳಿಸಿತೆಂಬುದು ಸಾಮಾನ್ಯವಾದ ವಿಜಯವಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಹೊಸ ಗವರ್ನರ್ ವಿಲಿಯಂ ಡೆನಿಸನ್ನನು ವೈಬಲೆನ್ನದ ನೆಲೆಯನ್ನೇ ಮುಚ್ಚಿಸಿ, ಉಳಿದಿದ್ದವರನ್ನು ಹೋಬರ್ಟಿಗೆ ದಕ್ಷಿಣದ ಆಯ್ಸ್ಟರ್ ಕೋವ್ ಎಂಬಲ್ಲಿಗೆ ತರಿಸಿದನು. ಮೂಲನಿವಾಸಿಗಳು ಮತ್ತೆ ನಾಡಿಗೆ ಕಾಲಿಡುತ್ತಾರೆಂದು ಬಿಳಿಯ ವಲಸೆಗಾರರು ಪ್ರತಿಭಟಿಸಿದರೂ ಅವನು ಮಣಿಯಲಿಲ್ಲ. (ಈ ಡೆನಿಸನ್ನನೇ ಮುಂದೆ 1861ರಲ್ಲಿ ಮದರಾಸಿನ ಗವರ್ನರನಾಗಿ ಬಂದು, ನಮ್ಮ ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳನ್ನೂ ಆಳಿದನು.) ದೋಣಿಯಿಂದ ಇಳಿದವರ ಸಂಖ್ಯೆ 47. ಅವರಿಗಾಗಿ ಕಾದಿದ್ದ ಮನೆಗಳು ಕೈದಿಗಳ ವಾಸಕ್ಕೇ ಯೋಗ್ಯವಲ್ಲವೆಂದು ಸರಕಾರ ತೊರೆದಿದ್ದ ಜೌಗುನೆಲದ ಹಳೆಯ ಕಟ್ಟಡಗಳು. ಮಕ್ಕಳಲ್ಲಿ ಹಲವರನ್ನು ಕಿತ್ತು ಅನಾಥಾಲಯಕ್ಕೆ ಕಳುಹಿದರು. ಸಾವು ಇಲ್ಲಿಯೂ ಬೆನ್ನುಬಿಡಲಿಲ್ಲ.

ಜೀನರೆಟನು ತನಗಾದ ಅನ್ಯಾಯವನ್ನು ಮರೆಯಲಿಲ್ಲ. 1854ರಲ್ಲಿ ಲಂಡನ್ನಿನಲ್ಲಿ ದಾಖಲೆಪತ್ರಗಳ ಸಮೇತ ಸಮರ್ಥನೆಯ ಗ್ರಂಥವೊಂದನ್ನೇ ಅಚ್ಚು ಹಾಕಿಸಿದನು. ವಾಲ್ಟರನು 1861ರಲ್ಲಿ ದೋಣಿಯಿಂದ ನೀರಿಗೆ ಬಿದ್ದು ಇಲ್ಲವಾದನು. ಟ್ರುಗನಿನಿ ಎಂಬ ಹೆಂಗಸು 1876ರಲ್ಲಿ ತೀರಿಕೊಂಡಾಗ, ಅಲ್ಲಿಗೆ ಟಾಸ್ಮೇನಿಯಾದ ಮೂಲಜನಾಂಗವೇ ಅಳಿಯಿತೆಂದು ಪ್ರಪಂಚಕ್ಕೆಲ್ಲ ಸಾರಲಾಯಿತು. ನಮ್ಮಲ್ಲಿಯೂ ಎಷ್ಟೋ ಜನ ಇಂದಿಗೂ ಹಾಗೆಯೇ ನಂಬಿದ್ದಾರೆ. ಅದು ಸುಳ್ಳು. ಕ್ಲಾರ್ಕನ ಮನೆಯ ಸಂಕಟವನ್ನು ದಾಟಿ ಬದುಕಿದ ಫ್ಯಾನಿ ಕಾಕ್ರೇನ್ ಮದುವೆಯಾಗಿ ಹನ್ನೊಂದು ಮಕ್ಕಳ ತಾಯಿಯಾದಳು. 1899ರಲ್ಲಿಯೂ 1903ರಲ್ಲಿಯೂ ಮೇಣದ ಉರುಳೆಗಳ ಮೇಲೆ ಮುದ್ರಿತವಾದ ಆಕೆಯ ಹಾಡು ಇಂದಿಗೂ ಕೇಳಸಿಗುತ್ತದೆ. ಆಕೆಯ ಸಂತತಿಯವರೂ ಬಾಸ್ ಜಲಸಂಧಿಯ ದ್ವೀಪಗಳ ಕುಟುಂಬಗಳೂ ತಾವು ಅಳಿದಿಲ್ಲವೆಂದು ಹೇಳುತ್ತಲೇ ಬಂದು, ಕಡೆಗೆ 1995ರ ಕಾನೂನಿನ ಮೂಲಕ ಆಯ್ಸ್ಟರ್ ಕೋವಿನ ನೆಲವನ್ನೂ, 1999ರಲ್ಲಿ ವೈಬಲೆನ್ನವನ್ನೂ ಮರಳಿ ಪಡೆದರು.

ಇತಿಹಾಸಕಾರ ಹೆನ್ರಿ ರೆನಾಲ್ಡ್ಸ್ 1995ರಲ್ಲಿ ಪ್ರಕಟಿಸಿದ ಗ್ರಂಥವು ಈ ಅರ್ಜಿಯ ಮೊದಲ ಭಾಗದ ಕಡೆಗೆ, ಎಂದರೆ ಒಪ್ಪಂದದ ಮಾತಿನ ಕಡೆಗೆ, ಆಸ್ಟ್ರೇಲಿಯದ ವಿದ್ವಾಂಸರ ಗಮನವನ್ನು ಸೆಳೆಯಿತು. ಸೂಪರಿಂಟೆಂಡೆಂಟನನ್ನು ಹಿಂದಕ್ಕೆ ಕರೆಸಿ ಸಾಮ್ರಾಜ್ಯವು ಅರ್ಜಿಗೆ ಉತ್ತರ ಕೊಟ್ಟಂತೆ ಭಾವಿಸಿತು. ಆದರೆ ಒಪ್ಪಂದದಲ್ಲಿ ನಮ್ಮ ಪಾಲನ್ನು ನಾವು ನಡೆಸಿದೆವು, ನಿಮ್ಮ ಪಾಲೆಲ್ಲಿ ಎಂಬುದಕ್ಕೆ ರಾಣಿಯಾಗಲಿ ಮಂತ್ರಿಯಾಗಲಿ ಗವರ್ನರನಾಗಲಿ ಉತ್ತರಿಸಲಿಲ್ಲ. ಮೂಲನಿವಾಸಿಗಳೊಡನೆ ವಿಧಿವತ್ತಾದ ಒಡಂಬಡಿಕೆಗೆ ದಾರಿ ಯಾವುದೆಂದು ವಿಚಾರಿಸಿ, ಟಾಸ್ಮೇನಿಯಾ ಸರಕಾರಕ್ಕೆ ಕೇಟ್ ವಾರ್ನರ್ ಮತ್ತು ಟಿಮ್ ಮೆಕ್‌ಕಾರ್ಮಕ್ ವರದಿ ಒಪ್ಪಿಸಿದ್ದು 2021ರಲ್ಲಿ. ಒಡಂಬಡಿಕೆಗೆ ಇನ್ನೂ ಸಹಿ ಬಿದ್ದಿಲ್ಲ.